ನಮ್ಮನೆಯ ನಳಚರಿತ್ರೆ

ನನ್ನ ಹೆಂಡತಿ ಧಾರವಾಡದವಳು. ನಮ್ಮ ಕಡೆ ನಲ್ಲಿ ಅನ್ನುವುದಕ್ಕೆ ಅವಳು ನಳ ಅನ್ನುತ್ತಾಳೆ. ಮದುವೆಯಾದ ಹೊಸತರಲ್ಲಿ ಬೆಳಗಿನ ಜಾವ ಅವಳು “ನಳಾ ಬಂತು, ನಳಾ ಬಂತು” ಎಂದು ಕೂಗಿದಾಗ ಯಾರೋ ನೆಂಟರು ಬಂದರೆಂದು ನಾನು ಪಂಚೆ ಸರಿಮಾಡಿಕೊಂಡು ಬಾಗಿಲು ತೆರೆದದ್ದುಂಟು. ಮೂವತ್ತು ವರ್ಷವಾದರೂ ಈ ವ್ಯಾಜ್ಯ ತೀರ್ಮಾನವಾಗಿಲ್ಲ. ನಲ್ಲಿಗೂ ನಲ್ಲೆಗೂ ಒಂದೇ ಸ್ವರದ ಅಂತರ ಎಂಬುದು ನನ್ನ ವಾದ. ಅಡುಗೆಮನೆಯಲ್ಲಿ ಇರಬೇಕಾದವನು ನಳನೇ, ನಳಪಾಕ ಅಂತಾರೆಯೇ ಹೊರತು ನಲ್ಲಿಪಾಕ ಅನ್ನುವುದಿಲ್ಲವಲ್ಲ ಎಂಬುದು ಅವಳದು. ಸಾಲದ್ದಕ್ಕೆ ನಳನಿಗೆ ವರುಣನ ವರ ಬೇರೆ ಇತ್ತಂತೆ. ಬರಿಯ ಕೊಡವನ್ನು ಸುಮ್ಮನೆ ನೋಡಿದರೆ ಸಾಕು, ನೀರು ತುಂಬುತ್ತಿತ್ತಂತೆ. ಪುರಾಣದ ಪುರಾವೆ ಅವಳ ಕಡೆಗಿದೆ.

ಹೀಗಿರುವಾಗ ಒಂದು ಭಾನುವಾರ ಅಡುಗೆಮನೆಯಿಂದ ವರದಿ ಬಂತು: “ಏನ್ರೀ, ನಳಾ ಸೋರ್ಲಿಕತ್ತದ.”

ನಾನು ಬ್ಯಾಂಕಿನಲ್ಲಿ ಸವೆದವನು. ಸೋರಿಕೆ ಎಂದರೆ ಮೊದಲು ಲೆಕ್ಕ, ಆಮೇಲೆ ಕ್ರಮ. ಕೈಗಡಿಯಾರ ಹಿಡಿದು ಸಿಂಕಿನ ಮುಂದೆ ನಿಂತೆ. ಸೆಕೆಂಡಿಗೆ ಒಂದು ಹನಿ. ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೆ ನಾಲ್ಕೂಕಾಲು ಲೀಟರಿಗೂ ಮೇಲೆ. ತಿಂಗಳಿಗೆ ಸುಮಾರು 130 ಲೀಟರ್. ಅದೂ ಎಂಥ ನೀರು! ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಪಂಪು ಹೊಡೆಸಿಕೊಂಡು, ಹತ್ತಿರಹತ್ತಿರ 100 ಕಿಲೋಮೀಟರ್ ನಡೆದು, ಬೆಂಗಳೂರಿನ ಎತ್ತರ ಹತ್ತಿ ಬಂದ ಕಾವೇರಿ. ಅಷ್ಟು ದೂರದಿಂದ ಬಂದವಳನ್ನು ನಮ್ಮ ಮನೆಯ ಕೊನೆಯ ಅರ್ಧ ಅಡಿಯಲ್ಲಿ ಮೋರಿಗೆ ಬಿಡುವುದೇ? ಇದನ್ನೆಲ್ಲ ವಿವರಿಸುತ್ತಿದ್ದಾಗ ಹೆಂಡತಿ ಹನಿಯ ಕೆಳಗೆ ಒಂದು ಚೊಂಬಿಟ್ಟು, “ಲೆಕ್ಕ ಆತಲ್ಲ, ಇನ್ನ ಹೊಸಾದು ಹಾಕ್ರಿ” ಅಂದಳು.

ಪ್ಲಂಬರಿಗೆ ಫೋನು ಮಾಡಿದೆ. ಹತ್ತು ನಿಮಿಷ ಅಂದ. ಅವನ ಹತ್ತು ನಿಮಿಷಕ್ಕೆ ಮೂರು ದಿನ ತುಂಬಿದ ಮೇಲೆ ನಾನೇ ಹಾರ್ಡ್‌ವೇರ್ ಅಂಗಡಿಗೆ ಹೊರಟೆ.

“ಒಂದು ನಲ್ಲಿ ಕೊಡಿ” ಅಂದದ್ದಕ್ಕೆ ಅಂಗಡಿಯ ಹುಡುಗ ಕರುಣೆಯಿಂದ ನೋಡಿದ. ಅವನ ನಿಘಂಟಿನಲ್ಲಿ ನಲ್ಲಿಯೂ ಇಲ್ಲ, ನಳನೂ ಇಲ್ಲ, ಇರುವುದೆಲ್ಲ ಕಾಕ್. ಬಿಬ್ ಕಾಕ್, ಪಿಲ್ಲರ್ ಕಾಕ್, ಆಂಗಲ್ ಕಾಕ್, ಸಿಂಕ್ ಕಾಕ್. ಗೋಡೆಗೆ ಹಾಕುವುದು ಅಂದೆ. “ಹಾಗಾದ್ರೆ ಲಾಂಗ್ ಬಾಡಿ. ಫೋಮ್ ಫ್ಲೋ ಬರುತ್ತೆ. ಅರ್ಧ ಇಂಚಾ?” ಅಂದ. ಅರ್ಧ ಇಂಚು ಎಂದು ಧೈರ್ಯವಾಗಿ ಹೇಳಿದೆ. ಬೇರೆ ಅಳತೆಯ ಹೆಸರು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಕುತೂಹಲಕ್ಕೆ ಮೊಮ್ಮಗಳ ಸ್ಕೇಲು ಹಿಡಿದು ನೋಡಿದರೆ ಎದೆ ಧಸಕ್ಕೆಂದಿತು. ಸ್ಕ್ರೂ ಮರೆಯ ಹೊರ ಅಳತೆ 21 ಮಿಲಿಮೀಟರ್! ಅರ್ಧ ಇಂಚು ಅಂದರೆ 12.7 ಅಲ್ಲವೇ? ಮೋಸಹೋದೆನೆಂದು ಅಂಗಡಿಗೆ ವಾಪಸು ಓಡಿದೆ. ಹುಡುಗ ಇನ್ನೊಂದು ತೆಗೆದು ತೋರಿಸಿದ, ಮತ್ತೊಂದು ತೋರಿಸಿದ. ಎಲ್ಲ ಇಪ್ಪತ್ತೊಂದೇ. ಹಳೆಯ ಕಬ್ಬಿಣದ ಪೈಪಿನ ಒಳಗಂಡಿ ಎಂದೋ ಅರ್ಧ ಇಂಚು ಇತ್ತಂತೆ, ಹೆಸರು ಅದಕ್ಕೆ ಇಟ್ಟದ್ದು. ಇಂಗ್ಲೆಂಡಿನ ವಿಟ್‌ವರ್ತ್ ಎಂಬಾತ 1841ರಲ್ಲಿ ಸ್ಕ್ರೂ ಮರೆಗಳಿಗೆಲ್ಲ ಒಂದು ಪದ್ಧತಿ ಮಾಡಿಟ್ಟ; 55 ಡಿಗ್ರಿಯ ಅವನ ಆ ಮರೆಯೇ, ಇಂಚಿಗೆ 14 ಸುತ್ತಿನ ಲೆಕ್ಕದಲ್ಲಿ, ನಮ್ಮ ನಲ್ಲಿಯ ಮೇಲೂ ಇದೆ. ಒಳಗಂಡಿ ಎಷ್ಟೋ ಬಾರಿ ಬದಲಾಯಿತು, ಹೆಸರು ಬದಲಾಗಲಿಲ್ಲ. ಈ ನಗರದಲ್ಲಿ ಕೆರೆಯೇ ಇಲ್ಲದ ಕೆರೆ ಬಡಾವಣೆಗಳಿಲ್ಲವೇ, ಹಾಗೆ.

ಮುಂದಿನ ಕೆಲಸ ನೀರು ನಿಲ್ಲಿಸುವುದು. ತಾರಸಿಯ ಟ್ಯಾಂಕಿನ ಬುಡದಲ್ಲಿ ಮೂರು ಗೇಟ್ ವಾಲ್‌ಗಳಿವೆ. ಯಾವುದು ಎಲ್ಲಿಗೆ ಎಂದು ಅಪ್ಪ ಪೇಂಟಿನಲ್ಲಿ ಬರೆದಿದ್ದರು. ಈಗ ಉಳಿದಿರುವುದು ಒಂದು ‘ಅ’ ಮಾತ್ರ. ಅಡುಗೆಮನೆ ಎಂದುಕೊಂಡು ತಿರುಗಿಸಿದೆ. ಕೆಳಗಿನ ಬಾಡಿಗೆಯವರ ಬಚ್ಚಲಿಂದ, ಮೈಯೆಲ್ಲ ಸೋಪಾಗಿರುವ ಮನುಷ್ಯನದೆಂದು ಸ್ಪಷ್ಟವಾಗಿ ಗೊತ್ತಾಗುವ ಒಂದು ಕೂಗು ಬಂತು. ‘ಅ’ ಅಂದರೆ ಅವರು.

ಹಳೆಯ ನಲ್ಲಿ ಸುಲಭಕ್ಕೆ ಬರಲಿಲ್ಲ. ಬೋರ್‌ವೆಲ್ಲಿನ ಸುಣ್ಣ ಅದನ್ನು ಗೋಡೆಗೆ ಮದುವೆ ಮಾಡಿಸಿಬಿಟ್ಟಿತ್ತು. ಪೈಪ್ ರೆಂಚು ಹಾಕಿ, ಮನೆದೇವರನ್ನು ನೆನೆದು ಎಳೆದಾಗ ಕಿರ್ರೆಂದು ಬಂತು. ಮರೆಯ ತುಂಬ ಸೆಣಬಿನ ನಾರು, ಅದಕ್ಕೆ ಮೆತ್ತಿದ ಸಫೇದ. ಅಪ್ಪ ತಾವೇ ಕೂತು ಸುತ್ತಿದ ನಾರು. ಅಷ್ಟು ವರ್ಷ ಆ ಜಾಗದಲ್ಲಿ ಒಂದು ಹನಿ ಸೋರಿರಲಿಲ್ಲ. ಸೋರಿದ್ದು ಒಳಗಿನ ವಾಷರು. ಎಂಟಾಣೆಯ ವಾಷರು ಬದಲಿಸಿದ್ದರೆ ಮುಗಿಯುತ್ತಿತ್ತು ಎಂದು ಆಗ ಹೊಳೆಯಿತು. ಹೆಂಡತಿಗೆ ಹೇಳಲಿಲ್ಲ.

ಈಗ ನಾರಿನ ಕಾಲವಲ್ಲ, ಟೆಫ್ಲಾನ್ ಟೇಪಿನದು. ಅಮೆರಿಕದ ಪ್ಲಂಕೆಟ್ 1938ರ ಏಪ್ರಿಲ್ 6ರಂದು ಫ್ರಿಜ್ಜಿನ ಅನಿಲ ಹುಡುಕುತ್ತ ಆಕಸ್ಮಿಕವಾಗಿ ಕಂಡ ಪದಾರ್ಥ. ನಮ್ಮ ದೋಸೆ ಕಾವಲಿಗೆ ಬಳಿದಿರುವುದೂ ಅದೇ. ದೋಸೆ ಏಳಲಿ ಎಂದೂ ಅದೇ, ನಲ್ಲಿ ಏಳದಿರಲಿ ಎಂದೂ ಅದೇ! ಟೇಪನ್ನು ಬಲಸುತ್ತಿಗೆ ಸುತ್ತಬೇಕು. ನಾನು ಸುತ್ತಿದ್ದು ಎಡಕ್ಕೆ. ನಲ್ಲಿ ತಿರುಗಿದಂತೆಲ್ಲ ಟೇಪು ಬಿಚ್ಚಿಕೊಂಡು ಶಾವಿಗೆಯಾಗಿ ಹೊರಗೆ ಬಂತು.

ಬಲಕ್ಕೆ ಸುತ್ತಿದೆ. ನಿಜವಾದ ಪರೀಕ್ಷೆ ಶುರುವಾದದ್ದು ಆಗ. ಗೋಡೆ ನಲ್ಲಿಗೆ ಎರಡು ಧರ್ಮ: ಬಿಗಿಯೂ ಆಗಬೇಕು, ಮೂತಿಯೂ ನೆಟ್ಟಗೆ ಕೆಳಗೆ ಬರಬೇಕು. ಹನ್ನೆರಡು ಸುತ್ತಿನ ಟೇಪಿಗೆ ಬಿಗಿಯಾದಾಗ ಮೂತಿ ಸೂರು ನೋಡುತ್ತಿತ್ತು, ಅಣ್ಣಾವ್ರ ಸಿನಿಮಾದಲ್ಲಿ ನಾಯಕ ದೇವರನ್ನು ಪ್ರಶ್ನಿಸುವ ಭಂಗಿ. ಇನ್ನರ್ಧ ತಿರುವು ಬೇಕು. ತಿರುಗಿಸಹೋದರೆ ಗೋಡೆಯೊಳಗಿನ ಪೈಪು ಎಚ್ಚರಿಕೆಯ ದನಿ ತೆಗೆಯಿತು. ಬಿಚ್ಚಿ ಎಂಟು ಸುತ್ತು ಹಾಕಿದೆ; ಮೂತಿ ಲಕ್ಷಣವಾಗಿ ಕೆಳಗೆ ಬಂತು, ಬುಡದಲ್ಲಿ ನೀರು ಜಿನುಗಿತು. ಹಿಂದಕ್ಕೆ ಒಂದು ಕೂದಲೆಳೆ ತಿರುಗಿಸಿದರೂ ಟೇಪಿನ ಕಥೆ ಮುಗಿಯಿತು, ಮತ್ತೆ ಮೊದಲಿಂದ. ಹತ್ತು ಸುತ್ತಿಗೆ ಒಂದು ತೊಟ್ಟೂ ಸೋರದಂತೆ ಬಿಗಿಯಿತು. ಮೂತಿ ಮಾತ್ರ ಗಡಿಯಾರದ ಐದು ಗಂಟೆಯ ಕಡೆ ನಿಂತಿತು. ಆರಾಗಲಿಲ್ಲ. ಟೇಪೂ ಮುಗಿದಿತ್ತು, ನಾನೂ ಮುಗಿದಿದ್ದೆ.

ವಾಲ್ ತೆಗೆದೆ. ಸಿಂಕಿನ ನಡುವೆ ಬೀಳಬೇಕಾದ ನೀರು ಬಲಗಡೆ ಒರಗಿಸಿದ್ದ ತಟ್ಟೆಗೆ ಬಡಿದು ನೆಟ್ಟಗೆ ನನ್ನ ಅಂಗಿಗೆ ಹಾರಿತು. ಹೆಂಡತಿ ಬಂದಳು. ಕತ್ತು ವಾಲಿಸಿ ನೋಡಿದಳು. ಚೊಂಬನ್ನು ನಾಲ್ಕು ಬೆರಳು ಬಲಕ್ಕೆ ಸರಿಸಿ ಹಿಡಿದಳು, ತುಂಬಿತು.

“ಅಡ್ಡಿಯಿಲ್ಲ ಬಿಡ್ರಿ” ಅಂದಳು. “ನಳ ಹೋಗಿ ಬಾಹುಕ ಆಗ್ಯಾನ. ರೂಪ ಕೆಟ್ಟದ, ಕೆಲಸ ಕೆಟ್ಟಿಲ್ಲ.”

ಅವಳು ಕಾಲೇಜಿನಲ್ಲಿ ಕನಕದಾಸರ ನಳಚರಿತ್ರೆ ಓದಿದವಳು. ನಳನನ್ನು ಕಚ್ಚಿ ಸೊಟ್ಟ ಮಾಡಿದ ಕಾರ್ಕೋಟಕ ಯಾರೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೈಪ್ ರೆಂಚು ಇನ್ನೂ ನನ್ನ ಕೈಯಲ್ಲೇ ಇತ್ತು.