‘ಬಾಗಿಲು ಮುರಿದವರು ಯಾರೂ ಇಲ್ಲ ಸ್ವಾಮಿ’

ತೋಟದ ಪಂಪ್‌ಶೆಡ್ಡಿನ ಗೋಡೆಗೆ ಜಡಿದ ಮೋಟರ್ ಕಂಟ್ರೋಲರ್ ಪೆಟ್ಟಿಗೆಯೊಳಗೆ ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್ ಇದೆ. ಅದರ ಹೊಟ್ಟೆಯಲ್ಲಿರುವ, ಕರೆಂಟು ಹೋದರೂ ಬರೆದದ್ದನ್ನು ಮರೆಯದ 1024 ಬೈಟುಗಳ ಈಪ್ರಾಮ್ ಮೇಲೆ ಈಗ ಗುರುತರ ಆರೋಪ. 10 ಆಂಪಿಯರ್ ದಾಟಿದರೆ ಮೋಟರ್ ಟ್ರಿಪ್ ಆಗಬೇಕೆಂದು ಬರೆದಿಟ್ಟಿದ್ದ ಸೆಟ್ಟಿಂಗ್ ರಾತ್ರೋರಾತ್ರಿ 255 ಆಗಿದೆ. ಟ್ರಿಪ್ ಆಗಲೇ ಇಲ್ಲ. ಕಾಯಿಲ್ ಸುಟ್ಟ ಮೋಟರ್ ರೀವೈಂಡಿಂಗ್ ಅಂಗಡಿ ಸೇರಿದೆ. ಆರೋಪಿಯನ್ನೇ ಮಾತಾಡಿಸಿದೆವು.

ನಾವು: 10 ಇದ್ದದ್ದು 255 ಆಯಿತಲ್ಲ, ಈ ತಿದ್ದುಪಡಿಗೆ ಯಾರ ಸಹಿ?

ಈಪ್ರಾಮ್: ತಿದ್ದುಪಡಿ ಅಲ್ಲ ಸ್ವಾಮಿ, ಅಳಿಸಿದ ಜಾಗ ಅದು. ನಮ್ಮಲ್ಲಿ ಖಾಲಿ ಬೈಟು ಅಂದ್ರೆ ಎಂಟೂ ಬಿಟ್ಟು ಒಂದು, ಓದಿದ್ರೆ 255. ಹೊಸದು ಬರೆಯೋಕೆ ಮೊದಲು ಹಳೇದನ್ನ ಅಳಿಸಬೇಕು. ಎರಡೂ ಸೇರಿ 3.4 ಮಿಲಿಸೆಕೆಂಡು. ಆವತ್ತು ಅಳಿಸಿದ್ದಾಗಿತ್ತು, ಬರೆಯೋದು ಬಾಕಿ ಇತ್ತು. ಅಷ್ಟರಲ್ಲಿ ಕರೆಂಟು ಹೋಯ್ತು.

ನಾವು: ಸೆಟ್ಟಿಂಗನ್ನು ಯಾರೂ ಮುಟ್ಟಿರಲಿಲ್ಲ. ರಾತ್ರಿ ಹೊತ್ತು ಅದನ್ನೇಕೆ ಬರೆಯುತ್ತಿದ್ದಿರಿ?

ಈಪ್ರಾಮ್: ಇಂಜಿನಿಯರ್ ಸಾಹೇಬರನ್ನ ಕೇಳಿ. ಮೋಟರ್ ಎಷ್ಟು ಹೊತ್ತು ಓಡ್ತು ಅಂತ ನಿಮಿಷಕ್ಕೊಂದು ಸಲ ಬರೆಸ್ತಾರೆ. ಬರೆಸಲಿ. ಆ ಒಂದು ಅಂಕಿಗೋಸ್ಕರ ಅಕ್ಕಪಕ್ಕದ ಸೆಟ್ಟಿಂಗೂ ಸೇರಿಸಿ ಇಡೀ ಕಂತೇನೇ ಅಳಿಸಿ ಬರೆಸೋದಾ? ಬದಲಾಗಿದ್ರೆ ಮಾತ್ರ ಬರೆಯೋ ‘ಅಪ್‌ಡೇಟ್’ ಫಂಕ್ಷನ್ ಲೈಬ್ರರಿಯಲ್ಲೇ ಬಿದ್ದಿದೆ. ನನ್ನ ಒಂದೊಂದು ಬೈಟಿಗೂ ಕಂಪನಿ ಕೊಟ್ಟಿರೋ ಭರವಸೆ ಒಂದು ಲಕ್ಷ ಸಲ. ಮೋಟರ್ ಬಿಡದೆ ಓಡಿದ್ರೆ ಎಪ್ಪತ್ತು ದಿನಕ್ಕೆ ಮುಗೀತು. ಇದರ ಹಿಂದಿನ ಪ್ರೋಗ್ರಾಂ ಸೆಕೆಂಡಿಗೊಂದು ಸಲ ಬರೆಸ್ತಿತ್ತು. ಆ ಲೆಕ್ಕದಲ್ಲಿ 28 ಗಂಟೆಗೇ ನನ್ನ ತಿಥಿ.

ನಾವು: ನಿಮ್ಮ ಬಾಗಿಲಿಗೆ ಬೀಗವೇ ಇಲ್ಲವೇ?

ಈಪ್ರಾಮ್: ಇಲ್ಲದೆ ಏನು! ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಗಿಂತ ಬಿಗಿ. ಮೊದಲು ಇಇಎಂಪಿಇ ಅನ್ನೋ ಬಿಟ್ಟನ್ನ ಒಂದು ಮಾಡಬೇಕು. ಅದಾಗಿ ನಾಲ್ಕು ಕ್ಲಾಕ್ ಒಳಗೆ ಇಇಪಿಇ ಬಿಟ್ಟನ್ನೂ ಒಂದು ಮಾಡಬೇಕು. 16 ಮೆಗಾಹರ್ಟ್ಸ್‌ನಲ್ಲಿ ಅದು ಕಾಲು ಮೈಕ್ರೋಸೆಕೆಂಡು. ತಡವಾದ್ರೆ ಅರ್ಜಿ ತಿರಸ್ಕಾರ. ಮಧ್ಯೆ ಇಂಟರಪ್ಟ್ ಬಂದು ಸಿಪಿಯುವನ್ನ ಬೇರೆ ಕೆಲಸಕ್ಕೆ ಎಳಕೊಂಡು ಹೋದ್ರೂ ತಿರಸ್ಕಾರವೇ. ಪಿಕ್ ಮನೆತನದಲ್ಲಿ ಹೆಕ್ಸ್ 55, ಹಿಂದೆಯೇ ಎಎ ಅಂತ ಮಂತ್ರ ಹೇಳಬೇಕು. ಎಸ್‌ಟಿಎಂ32ರ ಫ್ಲಾಶಿಗೆ 32 ಬಿಟ್ಟಿನ ಎರಡು ಕೀಲಿ. ತಪ್ಪು ಕೀಲಿ ಹಾಕಿದ್ರೆ ರೀಸೆಟ್ ಆಗೋವರೆಗೂ ಬಾಗಿಲು ಬಂದ್.

ನಾವು: ಆ ಕೀಲಿಗಳನ್ನು ಗುಟ್ಟಾಗಿಟ್ಟಿದ್ದಾರೆಯೇ?

ಈಪ್ರಾಮ್: ಕೈಪಿಡಿಯಲ್ಲೇ ಅಚ್ಚು ಹಾಕಿಸಿದ್ದಾರೆ. ಅದು ಕಳ್ಳರಿಗೆ ಹಾಕಿದ ಬೀಗ ಅಲ್ಲ ಸ್ವಾಮಿ, ಮನೆಯವರಿಗೇ ಹಾಕಿದ್ದು. ದಾರಿ ತಪ್ಪಿದ ಪ್ರೋಗ್ರಾಂ ಕಣ್ಣು ಮುಚ್ಚಿಕೊಂಡು ಎರಡು ಹೆಜ್ಜೇನೂ ಸರಿಯಾಗಿ ಇಡಲಾರದು ಅನ್ನೋ ನಂಬಿಕೆ.

ನಾವು: ಸರಿಯಾದ ನಂಬಿಕೆಯೇ ಅಲ್ಲವೇ?

ಈಪ್ರಾಮ್: ಆ ಎರಡು ಹೆಜ್ಜೇನೂ ಸೇರಿಸಿ ಒಂದೇ ಫಂಕ್ಷನ್ ಮಾಡಿಟ್ಟುಬಿಟ್ರಲ್ಲ! ವೋಲ್ಟೇಜ್ ಇಳಿದು ತಲೆ ಕೆಟ್ಟ ಸಿಪಿಯು ಎಡವಿ ಆ ಫಂಕ್ಷನ್ನಿನ ಮೊದಲ ಸಾಲಿಗೇ ಬಿತ್ತು ಅಂದ್ಕೊಳ್ಳಿ. ಆಮೇಲೆ ಎಲ್ಲಾ ಕ್ರಮಬದ್ಧ. ಇಂಟರಪ್ಟ್ ಬಂದ್ ಮಾಡೋದನ್ನೂ ಮರೆಯಲ್ಲ, ನಾಲ್ಕು ಕ್ಲಾಕೂ ತಪ್ಪಲ್ಲ. ಯಾವ ವಿಳಾಸಕ್ಕೆ ಏನು ಬರೆಯೋದು ಅನ್ನೋದು ಮಾತ್ರ ಆ ಹೊತ್ತಿಗೆ ರಿಜಿಸ್ಟರಿನಲ್ಲಿ ಉಳಿದಿರೋ ಕಸ. ಕಡತ ನೋಡಿದ್ರೆ ಬಾಗಿಲು ಮುರಿದವರು ಯಾರೂ ಇಲ್ಲ ಸ್ವಾಮಿ, ಎಲ್ಲಾ ಕಾನೂನು ಪ್ರಕಾರವೇ.

ನಾವು: ಹಾಗಾದರೆ ಸಿಪಿಯುವೇ ಅಪರಾಧಿ.

ಈಪ್ರಾಮ್: ಪಾಪ, ಅವನೇನು ಮಾಡ್ತಾನೆ? 16 ಮೆಗಾಹರ್ಟ್ಸ್ ವೇಗದಲ್ಲಿ ಓಡೋಕೆ ಅವನಿಗೆ ಸುಮಾರು 3.8 ವೋಲ್ಟ್ ಬೇಕು. ಇಲ್ಲಿ ತ್ರೀಫೇಸ್ ಬಂದ ತಕ್ಷಣ ಸುತ್ತಲ ತೋಟದವರೆಲ್ಲ ಒಟ್ಟಿಗೇ ಮೋಟರ್ ಹಾಕ್ತಾರೆ, ಲೈನು ಕುಸಿಯುತ್ತೆ. ಅಂಥ ಹೊತ್ತಿನಲ್ಲಿ ಅವನನ್ನ ರೀಸೆಟ್ಟಿನಲ್ಲಿ ಹಿಡಿದು ಕೂರಿಸೋಕೆ ಬ್ರೌನ್‌ಔಟ್ ಡಿಟೆಕ್ಟರ್ ಅಂತ ಒಬ್ಬ ಕಾವಲುಗಾರ ಚಿಪ್ಪಿನೊಳಗೇ ಇದ್ದಾನೆ. 1.8, 2.7, 4.3, ಮೂರರಲ್ಲಿ ಯಾವ ವೋಲ್ಟಿಗೆ ಬೇಕಾದ್ರೂ ನೇಮಿಸಬಹುದು. ಕಾರ್ಖಾನೆಯಿಂದ ಬರುವಾಗ ಮಾತ್ರ ನಿದ್ದೇಲಿರ್ತಾನೆ. ಫ್ಯೂಸ್ ಬಿಟ್ ಬದಲಿಸಿ ಎಬ್ಬಿಸಬೇಕು.

ನಾವು: ಎಬ್ಬಿಸಿದರೇ?

ಈಪ್ರಾಮ್: ಎಬ್ಬಿಸಿದ್ರು, 2.7ಕ್ಕೆ! 3.8ರಿಂದ 2.7ರವರೆಗೆ ಸಿಪಿಯು ತೂರಾಡ್ತಿದ್ರೂ ಕಾವಲುಗಾರ ನೋಡ್ತಾ ನಿಂತಿರ್ತಾನೆ, ಇನ್ನೂ ತನ್ನ ಸರಹದ್ದಿಗೆ ಬಂದಿಲ್ಲ ಅಂತ. ಬೇರೆ ಕಡೆಯ ಕಾವಲಿನ ಕಥೆಯೂ ಇಷ್ಟೇ. ಪ್ರತ್ಯೇಕ ಚಿಪ್ಪಾಗಿ ಬರೋ ನಮ್ಮ ಸೋದರಸಂಬಂಧಿ ಈಪ್ರಾಮ್ 24ಸಿ02ಗೆ ಏಳನೇ ಕಾಲು ಇರೋದೇ ಬರಹ ತಡೆಯೋಕೆ. ಅದನ್ನ ಪ್ಲಸ್ಸಿಗೆ ಕಟ್ಟಿದ್ರೆ ಬ್ರಹ್ಮ ಬಂದ್ರೂ ಬರೆಯೋಕಾಗಲ್ಲ. ಎಷ್ಟೋ ಬೋರ್ಡುಗಳಲ್ಲಿ ಅದು ನೇರ ಗ್ರೌಂಡಿಗೆ. ಯಾಕೆ ಅಂದ್ರೆ, ‘ಒಂದು ಪಿನ್ ಉಳೀತು ಸಾರ್’.

ನಾವು: ಇಷ್ಟಾದರೂ ಮೋಟರ್ ಸುಟ್ಟಿದ್ದರಲ್ಲಿ ನಿಮ್ಮ ಪಾಲು ಇಲ್ಲವೆನ್ನುತ್ತೀರಾ?

ಈಪ್ರಾಮ್: ನಾನು 255 ಅಂದೆ, ನಿಜ. 5 ಎಚ್‌ಪಿ ಮೋಟರಿಗೆ 255 ಆಂಪಿಯರ್ ಅಂದ್ರೆ ನಂಬಿಬಿಡೋದಾ? ಎರಡು ಕಡೆ ನಕಲು, ಪಕ್ಕದಲ್ಲೊಂದು ಚೆಕ್‌ಸಮ್ ಇಟ್ಟಿದ್ರೆ ನನ್ನ ಮಾತು ತಾಳೆ ಆಗಲ್ಲ ಅಂತ ಆಗಲೇ ಗೊತ್ತಾಗ್ತಿತ್ತು. 1024 ಬೈಟಿನಲ್ಲಿ ಅವರು ಬಳಸಿದ್ದು 9. ಜಾಗ ಇಲ್ಲ ಅನ್ನೋ ಹಾಗಿಲ್ಲ.

(ಅಷ್ಟರಲ್ಲಿ ಇಂಜಿನಿಯರ್ ಸಾಹೇಬರು ಲ್ಯಾಪ್‌ಟಾಪ್ ಹಿಡಿದು ಬಂದರು. ‘ಬಗ್ ಸಿಕ್ತು, ಹೊಸ ಪ್ರೋಗ್ರಾಂ ಹಾಕಿಬಿಡ್ತೀನಿ’ ಎನ್ನುತ್ತಾ ಪ್ರೋಗ್ರಾಮರ್ ಕೇಬಲ್ ಸಿಕ್ಕಿಸಿದರು.)

ಈಪ್ರಾಮ್: ಸ್ವಾಮಿ, ಇಇಸೇವ್ ಫ್ಯೂಸ್ ಹಾಕಿದ್ದಾರಾ ಕೇಳಿ, ಬೇಗ. ಇಲ್ಲದಿದ್ರೆ ಚಿಪ್ ಎರೇಸ್ ಮಾಡುವಾಗ ಪ್ರೋಗ್ರಾಂ ಜೊತೆ ನನ್ನ ಬೈಟುಗಳೂ ಅಳಿಸಿಹೋಗ್ತವೆ.

ನಾವು ಕೇಳಿದೆವು. ‘ಹಾಗಂದ್ರೆ?’ ಎಂದು ಸಾಹೇಬರು ಎಂಟರ್ ಒತ್ತಿದರು.

ನಾವು: ಕೊನೆಯದಾಗಿ, ಈವರೆಗೆ ಮೋಟರ್ ಒಟ್ಟು ಎಷ್ಟು ಗಂಟೆ ಓಡಿದೆ?

ಈಪ್ರಾಮ್: 255. 255. 255.