ಬೀಟಾ ಬಂದಾಗಲೇ ಓಡಿಸಿ ನೋಡಿ ರಾಯರೇ

ಅಲ್ಲ ರಾಯರೇ, ಸಾಫ್ಟ್‌ವೇರಿನ ಬೀಟಾ ಆವೃತ್ತಿ ಅಂದ ತಕ್ಷಣ ಯಾಕೆ ಹಾಗೆ ಮುಖ ಸಿಂಡರಿಸ್ತೀರಿ? "ಫೈನಲ್ ಬರಲಿ, ನಾಲ್ಕು ಜನ ಹಾಕ್ಕೊಳ್ಳಲಿ, ಆಮೇಲೆ ನೋಡೋಣ" ಅಂತೀರಿ. ಗಿರಾಕಿಗಳ ಸೈಟಿಗೆ ಹಾಕಬೇಡಿ, ಒಪ್ಪಿದೆ. ಪ್ರಾಜೆಕ್ಟಿನ ಒಂದು ಕಾಪಿ ಮಾಡಿಕೊಂಡು ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡೋದಕ್ಕೆ ಏನಡ್ಡಿ?

ವೆಬ್‌ಸೈಟ್ ಕಟ್ಟೋಕೆ ನಾವು ಬಳಸೋ ರೈಲ್ಸ್‌ನ 8ನೇ ಆವೃತ್ತಿಯನ್ನೇ ತಗೊಳ್ಳಿ. 2024ರ ಸೆಪ್ಟೆಂಬರ್ ಕೊನೆಗೆ, ಟೊರಾಂಟೊದಲ್ಲಿ ರೈಲ್ಸ್ ವರ್ಲ್ಡ್ ಸಮ್ಮೇಳನ ನಡೆದಾಗ ಮೊದಲ ಬೀಟಾ ಬಂತು. ಫೈನಲ್ ಬಂದಿದ್ದು ನವೆಂಬರ್ 7ಕ್ಕೆ. ತಪ್ಪಿದ್ದರೆ ಹೇಳೋದಕ್ಕೆ ಇದ್ದಿದ್ದು ಬರೀ ಆರು ವಾರ.

ರೈಲ್ಸ್ 8ರಲ್ಲಿ ನನಗೆ ತುಂಬಾ ಹಿಡಿಸಿದ್ದು ಸಾಲಿಡ್ ಕ್ಯೂ. ಮೇಲ್ ಕಳಿಸೋದು, ಫೋಟೋ ಚಿಕ್ಕದು ಮಾಡೋದು, ಇಂಥ ಹಿಂಬದಿ ಕೆಲಸಕ್ಕೆ ನಾವೆಲ್ಲ ಸೈಡ್‌ಕಿಕ್ ಅನ್ನೋ ಲೈಬ್ರರಿ (ಜೆಮ್) ಹಾಕಿ, ಅದಕ್ಕೋಸ್ಕರ ರೆಡಿಸ್ ಅನ್ನೋ ಇನ್ನೊಂದು ಡೇಟಾಬೇಸ್ ಬೇರೆ ಇಟ್ಕೊಳ್ತಿದ್ವಿ. ಅದಕ್ಕೊಂದು ಬಾಡಿಗೆ, ಅದರದ್ದೊಂದು ಉಸ್ತುವಾರಿ, ನಡುರಾತ್ರಿ ನಿಂತುಹೋದ್ರೆ ಅದಕ್ಕೊಂದು ಫೋನು. ಸಾಲಿಡ್ ಕ್ಯೂ ಆ ಕೆಲಸಗಳನ್ನೆಲ್ಲ ನಿಮ್ಮ ಡೇಟಾಬೇಸಿನ ಟೇಬಲ್‌ನಲ್ಲೇ ಒಂದೊಂದು ಸಾಲಾಗಿ ಬರೆದಿಡುತ್ತೆ. ಒಂದು ವರ್ಕರ್ ಮೊದಲ ಸಾಲನ್ನು ಲಾಕ್ ಮಾಡಿ ಎತ್ಕೊಂಡಿತು ಅನ್ನಿ. ಅದೇ ಗಳಿಗೆಯಲ್ಲಿ ಬಂದ ಇನ್ನೊಂದು ವರ್ಕರ್ ಕಾಯ್ತಾ ನಿಲ್ಲಲ್ಲ, ಲಾಕ್ ಆದ ಸಾಲನ್ನು ದಾಟಿ ಮುಂದಿನದಕ್ಕೆ ಕೈ ಹಾಕುತ್ತೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳ ಹೊಸ ಆವೃತ್ತಿಗಳಲ್ಲಿರೋ 'ಸ್ಕಿಪ್ ಲಾಕ್ಡ್' ಸೌಲಭ್ಯದಿಂದ ಇದು ಸಾಧ್ಯ. ರೈಲ್ಸ್ ಹುಟ್ಟಿದ ಕಂಪನಿ 37ಸಿಗ್ನಲ್ಸ್‌ನವರು ತಮ್ಮ 'ಹೇ' ಮೇಲ್ ಸೇವೆಯಲ್ಲಿ ದಿನಕ್ಕೆ 2 ಕೋಟಿ ಕೆಲಸ ಇದರಲ್ಲೇ ಓಡ್ತಿದೆ ಅಂತ ಬೀಟಾ ಹೊತ್ತಿಗೇ ಹೇಳಿದ್ರು.

"ಅಷ್ಟು ದೊಡ್ಡ ಕಡೆ ಓಡಿದ್ರೆ ಮುಗೀತಲ್ಲ, ಮತ್ತೆ ನಾನ್ಯಾಕೆ ನೋಡಲಿ?" ಅಂತೀರಾ? ಅವರದ್ದು ಮೈಎಸ್‌ಕ್ಯುಎಲ್, ನಿಮ್ಮದು ಪೋಸ್ಟ್‌ಗ್ರೆಸ್. ನಿಮ್ಮ ಹತ್ರ ಇರೋ ಹಳೇ ಜೆಮ್‌ಗಳು, ವರ್ಷಗಟ್ಟಲೆ ತೇಪೆ ಹಾಕಿರೋ ಕೋಡು ಅವರ ಕಣ್ಣಿಗೆ ಬೀಳೋದು ಹೇಗೆ? ಅದು ಎಲ್ಲಿ ಒಡೆಯುತ್ತೆ ಅಂತ ಹೇಳಬಲ್ಲವರು ನೀವೊಬ್ಬರೇ.

ಲಾಗಿನ್ ವಿಷಯಾನೂ ಹಾಗೇ. ರೈಲ್ಸ್ 8ರಲ್ಲಿ ಒಂದು ಕಮಾಂಡ್ ಕೊಟ್ರೆ ಲಾಗಿನ್, ಸೆಷನ್, ಪಾಸ್‌ವರ್ಡ್ ರೀಸೆಟ್ ಎಲ್ಲದರ ಕೋಡೂ ನಿಮ್ಮ ಫೋಲ್ಡರಿಗೇ ಬಂದು ಕೂರುತ್ತೆ. ಏನು ಬೇಕಾದ್ರೂ ತಿದ್ದಿಕೊಳ್ಳಬಹುದು. ಆದರೆ ಹೊಸಬರು ಖಾತೆ ತೆರೆಯೋ ಪುಟ ಅದರಲ್ಲಿ ಬರಲಿಲ್ಲ, ಅದನ್ನ ನೀವೇ ಬರೀಬೇಕು. ಒಮ್ಮೆ ಓಡಿಸಿದ್ರೆ ಐದು ನಿಮಿಷದಲ್ಲಿ ಇದು ಗೊತ್ತಾಗುತ್ತೆ. ಗೊತ್ತಿಲ್ಲದೆ ಗಿರಾಕಿಗೆ ದಿನಾಂಕ ಕೊಟ್ಟುಬಿಟ್ರೆ ಪರದಾಡಬೇಕು.

ಮುಂದಿನ ಬೀಟಾ ಬಂದಾಗ ಬೇರೆ ಬ್ರಾಂಚ್ ಮಾಡಿ, ಟೆಸ್ಟ್‌ಗಳನ್ನೆಲ್ಲ ಓಡಿಸಿ. ಎಚ್ಚರಿಕೆ ಸಾಲುಗಳನ್ನು ಪೂರ್ತಿ ಓದಿ. ಏನಾದರೂ ಒಡೆದರೆ, ಅದೇ ತಪ್ಪು ಮತ್ತೆ ಕಾಣೋ ಹಾಗೆ ಹತ್ತಿಪ್ಪತ್ತು ಸಾಲಿನ ಕೋಡ್ ಬರೆದು ರೈಲ್ಸ್ ತಂಡಕ್ಕೆ ಕಳಿಸಿ. ಒಂದು ಪೈಸೆ ಕೊಡದೆ ಬಳಸಿ ಅದರಲ್ಲೇ ಅನ್ನ ತಿನ್ನೋರು ನಾವು. ಇಷ್ಟು ಮಾಡೋದು ನಮ್ಮ ಪಾಲಿನ ಕೆಲಸ ಅಲ್ವೇ ರಾಯರೇ?