ಮೆಡಿಕಲ್ ಸೀಟು ಸಿಗದಿದ್ದರೇನಂತೆ ಅಕ್ಕಾ?

ಒಂಚೂರು ಈ ಬೇಲಿ ಹತ್ತಿರ ಬನ್ನಿ ಅಕ್ಕಾ. ನೀವು ಮೊನ್ನೆ ಅಂದ ಮಾತು ಮನಸ್ಸಲ್ಲೇ ಕೂತುಬಿಟ್ಟಿದೆ. ‘ನಿಮ್ಮ ಅಣ್ಣನ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದ್ದರೆ ಇಷ್ಟೊತ್ತಿಗೆ ಡಾಕ್ಟರಾಗಿರುತ್ತಿದ್ದಳು. ಪಾಪ, ಇನ್ನೂ ಓದ್ತಾನೇ ಇದ್ದಾಳೆ’ ಅಂದಿರಲ್ಲ? ಪಾಪ ಅನ್ನಬೇಡಿ. ಅವಳು ಕೈಹಾಕಿರುವ ಕೆಲಸ ನಮ್ಮ ಸೀಮೆಗೇ ಬೇಕಾದದ್ದು.

ಮಂಗನ ಕಾಯಿಲೆಯ ವಿಷಯ ನಿಮಗೆ ನಾನು ಹೇಳಬೇಕೇ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದವು. ಪುಣೆಯಿಂದ ವಿಜ್ಞಾನಿಗಳು ಬಂದು, ರಕ್ತ ಪರೀಕ್ಷೆ ಮಾಡಿ, ಉಣುಗು ಹೆಕ್ಕಿ, ಇದು ಹೊಸ ವೈರಸ್ಸು ಅಂತ ಪತ್ತೆಮಾಡಿದರು. ಇಷ್ಟು ವರ್ಷ ಕಳೆದರೂ ಆ ವೈರಸ್ಸನ್ನೇ ಹೊಡೆಯುವ ಔಷಧಿ ಇವತ್ತಿಗೂ ಇಲ್ಲ. ಜ್ವರಕ್ಕೆ ಮಾತ್ರೆ, ಡ್ರಿಪ್ಪು, ತೀರಾ ರಕ್ತಸ್ರಾವವಾದರೆ ರಕ್ತ ಕೊಡುವುದು, ಅಷ್ಟೇ. ಕೊಡುತ್ತಿದ್ದ ಲಸಿಕೆಯೂ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ನಿಂತುಹೋಯಿತು. 2019ರಲ್ಲಿ ಅರಳಗೋಡು ಕಡೆಯಿಂದ ಸಾವಿನ ಸುದ್ದಿ ಬರುತ್ತಿದ್ದಾಗ ಸೊಪ್ಪಿಗೆ, ದರಕಿಗೆ ಅಂತ ಬೆಟ್ಟಕ್ಕೆ ಕಾಲಿಡಲೂ ಜನ ಹೆದರುತ್ತಿದ್ದರಲ್ಲ! ಡಾಕ್ಟರು ಎಷ್ಟೇ ಕೈಗುಣದವರಾಗಿರಲಿ, ಕೊಡಲು ಔಷಧಿಯೇ ಇಲ್ಲದಿದ್ದರೆ ಏನು ಮಾಡಿಯಾರು? ಅದನ್ನು ಹುಡುಕುವುದಕ್ಕೂ ಯಾರಾದರೂ ಬೇಕಲ್ಲ.

ಆ ದಾರಿಗೆ ಬಿದ್ದವಳು ಇವಳು. ಬಿಎಸ್ಸಿ ಮುಗಿಸಿ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿಗೆ ಸೇರಿದಳು. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಷಿಪ್ಪಿನಲ್ಲಿ ಎರಡು ತಿಂಗಳು ಬೆಂಗಳೂರಿನ ಲ್ಯಾಬಿನಲ್ಲಿದ್ದಳು. ರುಚಿ ಹತ್ತಿದ್ದೇ ಅಲ್ಲಿ. ಆಮೇಲೆ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಷಿಪ್ ತೆಗೆದುಕೊಂಡಳು. ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಿಂದ ದುಡ್ಡು ತರಿಸಿಕೊಂಡು ಓದುವ ಕಾಲ ಅವಳಿಗೆ ಮುಗಿಯಿತು ಅಕ್ಕಾ, ಈಗ ಅವಳದು ದುಡಿಮೆ.

ಎಂಥ ದುಡಿಮೆ ಅಂತೀರಿ! ಒಮ್ಮೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಅಂಗೈಯಗಲದ ಫ್ಲಾಸ್ಕು, ತಳದಲ್ಲಿ ಗುಲಾಬಿ ಬಣ್ಣದ ದ್ರವ. ಅದರಲ್ಲಿ ಜೀವಕೋಶಗಳು ಬೆಳೆಯುತ್ತವೆ, ನಮ್ಮ ಮೈಯಷ್ಟೇ ಬಿಸಿಯಲ್ಲಿ, 37 ಡಿಗ್ರಿಯಲ್ಲಿ. ಅವು ಬೆಳೆದು ಆಮ್ಲ ಬಿಟ್ಟ ಹಾಗೆಲ್ಲ ಗುಲಾಬಿ ಹೋಗಿ ಹಳದಿಯಾಗುತ್ತದೆ, ಆಗ ದ್ರವ ಬದಲಿಸಬೇಕು. ಕೊಟ್ಟಿಗೆಯಲ್ಲಿ ಎಳೆಗರು ಇದ್ದ ಹಾಗೆ, ಹಬ್ಬ ಹುಣ್ಣಿಮೆ ಅಂತ ಬಿಡುವಂತಿಲ್ಲ. ಕೈಗವಸಿಗೆ ಆಲ್ಕೋಹಾಲ್ ಸಿಂಪಡಿಸಿಕೊಂಡು, ಗಾಜಿನ ಪರದೆಯ ಹಿಂದೆ ಕೈಯಾಡಿಸಬೇಕು. ಎಲ್ಲೋ ಒಂದು ಬೂಸ್ಟಿನ ಕಣ ಸೇರಿತೋ, ವಾರಗಟ್ಟಲೆ ಬೆಳೆಸಿದ್ದನ್ನೆಲ್ಲ ಎಸೆದು ಮೊದಲಿನಿಂದ ಶುರು.

ಹೆದರಬೇಡಿ, ಮಂಗನ ಕಾಯಿಲೆಯ ವೈರಸ್ಸನ್ನು ಅವಳು ಮುಟ್ಟುವುದಿಲ್ಲ. ಅದಕ್ಕೆ ಪುಣೆಯ ವೈರಾಣು ಸಂಸ್ಥೆಯಲ್ಲಿರುವಂಥ ಬಿಗಿ ಭದ್ರತೆಯ ಲ್ಯಾಬೇ ಬೇಕು. ವೈರಸ್ಸಿನ ಒಂದೇ ಒಂದು ಪ್ರೋಟೀನನ್ನು ಬೇರೆ ಮಾಡಿ ಈ ಜೀವಕೋಶಗಳಲ್ಲಿಟ್ಟು, ಅದು ಒಳಗೆ ಏನೇನು ಕೆಡಿಸುತ್ತದೆ ಅಂತ ನೋಡುವುದು ಅವಳ ಪಾಲಿನ ಕೆಲಸ. ಅದಕ್ಕೇ ಐದಾರು ವರ್ಷ ಹಿಡಿಯಬಹುದು. ಅಷ್ಟಾದ ಮೇಲೂ ಔಷಧಿ ಕೈಗೆ ಬಂದೇ ಬರುತ್ತದೆ ಅಂತ ಹೇಳಲಾಗದು. ಆದರೆ ಎಲ್ಲಿ ಹೊಡೆಯಬೇಕು ಅಂತ ಗೊತ್ತಾದರೆ ತಾನೇ ಔಷಧಿಯ ಮಾತು?

ನಿಮ್ಮ ಕಿರಿಯವನೂ ಈ ಸಲ ನೀಟ್ ಬರೆಯುತ್ತಾನಲ್ಲ? ಸೀಟು ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಅವನೆದುರು ಕೊರಗುತ್ತ ಕೂರಬೇಡಿ. ದೀಪಾವಳಿಗೆ ಇವಳು ಬಂದಾಗ ಅವನನ್ನು ನಮ್ಮನೆಗೆ ಕಳಿಸಿ. ಯಾವ ಪರೀಕ್ಷೆ ಬರೆಯಬೇಕು, ಯಾವ ಲ್ಯಾಬಿಗೆ ಅರ್ಜಿ ಹಾಕಬೇಕು, ಎಲ್ಲ ಬಿಡಿಸಿ ಹೇಳುತ್ತಾಳೆ. ಈ ಕೆಲಸಕ್ಕೆ ನಮ್ಮ ಕಡೆಯಿಂದ ಒಬ್ಬಳು ಹೋದರೆ ಸಾಲದು ಅಕ್ಕಾ, ಇನ್ನೂ ಬೇಕಾದಷ್ಟು ಜನ ಬೇಕು.